ಅರುವತ್ತು ತುಂಬಿತೋ, ಅರುವತ್ತು ನಡೀತಾ ಉಂಟೋ?

ಪ್ರಶ್ನೆ: ನನ್ನ ಅಪ್ಪ ಹುಟ್ಟಿದ್ದು 1966ರ ಮೇ ತಿಂಗಳಲ್ಲಿ. 2026ರ ಮೇಯಲ್ಲಿ ಮನೆಯಲ್ಲೇ ಶಾಂತಿ, ಮಧ್ಯಾಹ್ನ ಊಟ ಅಂತ ಇಟ್ಟುಕೊಂಡಿದ್ದೇವೆ. ಕಾಗದವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೊಡೆಸುವುದು ಅಂತಾಯಿತು, ಯಾಕೆಂದರೆ ಮುಂಬೈಯಲ್ಲೇ ಹುಟ್ಟಿ ಬೆಳೆದ ದೊಡ್ಡಪ್ಪನ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಬರೆದುಕೊಟ್ಟದ್ದು ‘ಸಿಕ್ಸ್ಟಿಯತ್ ಬರ್ತ್‌ಡೇ’ ಅಂತ. ಪ್ರೆಸ್ಸಿನವರು ಕಳಿಸಿದ ಪ್ರೂಫಿನಲ್ಲಿ ‘ಆನ್ ಎಂಟರಿಂಗ್ ಹಿಸ್ ಸಿಕ್ಸ್ಟಿಯತ್ ಇಯರ್’ ಅಂತ ಇತ್ತು. ಕೇಳಿದರೆ ಎಲ್ಲರೂ ಹೀಗೇ ಹಾಕಿಸುವುದು, ಎರಡೂ ಒಂದೇ ಅಂದರು. ಮಾವನೂ ಹಾಗೇ ಹೇಳುತ್ತಾರೆ. ನನಗೆ ಯಾಕೋ ಸಮಾಧಾನ ಇಲ್ಲ. ಎರಡೂ ಒಂದೇನಾ?
— ಓದುಗರು, ಕಿನ್ನಿಮೂಲ್ಕಿ, ಉಡುಪಿ

ಉತ್ತರ: ಒಂದೇ ಅಲ್ಲ. ಎರಡರ ನಡುವೆ ಪೂರ್ತಿ ಒಂದು ವರ್ಷ ಉಂಟು. ಪ್ರೂಫ್ ಇನ್ನೂ ನಿಮ್ಮ ಕೈಯಲ್ಲೇ ಇದ್ದರೆ ಇವತ್ತೇ ತಿದ್ದಿಸಿ.

ಅಪ್ಪ 1966ರ ಮೇಯಲ್ಲಿ ಹುಟ್ಟಿದರು ಅಂದರೆ, ಹುಟ್ಟಿದ ದಿನದಿಂದಲೇ ಅವರ ಮೊದಲನೇ ವರ್ಷ ಶುರುವಾಯಿತು. ಆಗ ಅವರಿಗೆ ವಯಸ್ಸು ಸೊನ್ನೆ, ಆದರೆ ನಡೆಯುತ್ತಿರುವುದು ಒಂದನೇ ವರ್ಷ. 1967ರ ಮೇಯಲ್ಲಿ ಮೊದಲ ಹುಟ್ಟುಹಬ್ಬ ಬಂತು, ಒಂದು ತುಂಬಿತು, ಎರಡನೇ ವರ್ಷ ಶುರುವಾಯಿತು. ಹೀಗೇ ಬಂದರೆ 60ನೇ ವರ್ಷಕ್ಕೆ ಅವರು ಕಾಲಿಟ್ಟದ್ದು 2025ರ ಮೇಯಲ್ಲಿ, 59 ತುಂಬಿದ ದಿನ. 2026ರ ಮೇಯಲ್ಲಿ ಆ 60ನೇ ವರ್ಷ ಮುಗಿಯುತ್ತದೆ, ಅದೇ ದಿನ 60ನೇ ಹುಟ್ಟುಹಬ್ಬ. ಪ್ರೆಸ್ಸಿನವರು ಹಾಕಿದ ಮಾತನ್ನು ಹಾಗೇ ಬಿಟ್ಟರೆ ಮುಂಬೈಯವರು ಓದಿ, ಚಿಕ್ಕಪ್ಪನಿಗೆ ಈಗ 59 ತುಂಬಿದ್ದಾ, ಹಾಗಾದರೆ 60 ಬರುವ ವರ್ಷ ಅಲ್ವಾ, ಅಂತ ಕೇಳಿದರೆ ಅವರದು ತಪ್ಪಲ್ಲ.

ಹೆದ್ದಾರಿಯ ಬದಿಯ ಕಿಲೋಮೀಟರ್ ಕಲ್ಲು ನೆನಪು ಮಾಡಿಕೊಳ್ಳಿ. 59ರ ಕಲ್ಲು ದಾಟಿದ ಮೇಲೆ 60ರ ಕಲ್ಲು ಮುಟ್ಟುವ ತನಕ ನೀವು ಓಡುತ್ತಿರುವುದು 60ನೇ ಕಿಲೋಮೀಟರ್. ಆದರೆ ದಾಟಿ ಆದದ್ದು ಎಷ್ಟು ಅಂತ ಕೇಳಿದರೆ 59. ಬರ್ತ್‌ಡೇ ಅಂದರೆ ಕಲ್ಲು. ಇಯರ್ ಅಂದರೆ ಎರಡು ಕಲ್ಲಿನ ನಡುವಿನ ದಾರಿ.

ಈಗ ನಮ್ಮ ಮಾತಿಗೆ ಬನ್ನಿ. ಇಂಗ್ಲಿಷಿನಲ್ಲಿ ಗೊಂದಲ ಮಾಡಿಕೊಳ್ಳುವ ನಾವು ಕನ್ನಡದಲ್ಲಿ ಮಾಡಿಕೊಳ್ಳುವುದೇ ಇಲ್ಲ. ‘ಅವರಿಗೆ ಅರುವತ್ತು ತುಂಬಿತು’ ಅಂದರೆ ಒಂದು, ‘ಅವರಿಗೆ ಅರುವತ್ತು ನಡೀತಾ ಉಂಟು’ ಅಂದರೆ ಇನ್ನೊಂದು. ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತುಳುವಿನವರೂ ‘ದಿಂಜಿಂಡ್’ ಅಂದರೆ ತುಂಬಿ ಆಯಿತು ಅಂತಲೇ ಅರ್ಥ. ಶಾಂತಿಗಳಲ್ಲೂ ಈ ಭೇದ ಉಂಟು. 59 ತುಂಬಿ 60ಕ್ಕೆ ಕಾಲಿಡುವಾಗ ಮಾಡುವುದಕ್ಕೆ ಉಗ್ರರಥ ಶಾಂತಿ ಅಂತ ಹೆಸರು, 60 ತುಂಬಿದಾಗ ಮಾಡುವುದು ಷಷ್ಟ್ಯಬ್ದಪೂರ್ತಿ. ಪೂರ್ತಿ ಅನ್ನುವ ಮಾತೇ ಅದರಲ್ಲಿ ಕೂತಿದೆ. ಸಂವತ್ಸರಗಳ ಲೆಕ್ಕವೂ ಹಾಗೇ, 60 ಹೆಸರು ಒಂದು ಸುತ್ತು ಮುಗಿದ ಮೇಲೆ ಹುಟ್ಟಿದಾಗಿನ ಸಂವತ್ಸರ ತಿರುಗಿ ಬರುತ್ತದೆ. ನಿಮ್ಮ ಅಪ್ಪ ಹುಟ್ಟಿದ್ದು ಪರಾಭವ ಸಂವತ್ಸರದಲ್ಲಿ. 2026ರ ಯುಗಾದಿಗೆ ಶುರುವಾಗುವುದು ಅದೇ ಪರಾಭವ. ಹಾಗಾಗಿ ನೀವು ಇಟ್ಟುಕೊಂಡಿರುವುದು ಷಷ್ಟ್ಯಬ್ದಪೂರ್ತಿಯೇ, ನಿಮ್ಮ ‘ಸಿಕ್ಸ್ಟಿಯತ್ ಬರ್ತ್‌ಡೇ’ಯೇ ಸರಿ. ‘ಆನ್ ಕಂಪ್ಲೀಟಿಂಗ್ ಸಿಕ್ಸ್ಟಿ ಇಯರ್ಸ್’ ಅಂತ ಹಾಕಿದರೂ ಸರಿ. ಕಳೆದ ವರ್ಷ ಉಗ್ರರಥ ಶಾಂತಿ ಮಾಡಿಸಿದ್ದರೆ ಪ್ರೆಸ್ಸಿನವರ ಮಾತು ಆ ಕಾಗದಕ್ಕೆ ಸರಿಹೋಗುತ್ತಿತ್ತು. ಬಹುಶಃ ಅಂಥದ್ದೇ ಯಾವುದೋ ಹಳೆಯ ಕಾಗದದ ಮಾದರಿ ಅವರ ಕಂಪ್ಯೂಟರಿನಲ್ಲಿ ಉಳಿದಿರಬೇಕು. ಇನ್ನೊಂದು ಮಾತು, ಶಾಂತಿಯ ದಿನ ಜನ್ಮನಕ್ಷತ್ರ ನೋಡಿ ಇಡುವುದರಿಂದ ಅದು ಕ್ಯಾಲೆಂಡರಿನ ಹುಟ್ಟಿದ ತಾರೀಕಿಗೆ ಸರಿಯಾಗಿ ಬೀಳಬೇಕೆಂದಿಲ್ಲ. ಕಾರ್ಯಕ್ರಮದ ತಾರೀಕನ್ನೇ ದೊಡ್ಡದಾಗಿ ಹಾಕಿಸಿ, ಹುಟ್ಟಿದ ತಾರೀಕು ಬೇಡ.

ಕನ್ನಡದಲ್ಲಿ ಗೊಂದಲ ಇಲ್ಲ ಅಂದೆ, ಆದರೆ ಒಂದು ಮಾತು ಮಾತ್ರ ನಮ್ಮನ್ನು ಸಿಕ್ಕಿಸಿಹಾಕುತ್ತದೆ. ಅದು ‘78ನೇ ವಯಸ್ಸಿನಲ್ಲಿ’ ಅನ್ನುವುದು. ಪೇಪರಿನ ನಿಧನ ವಾರ್ತೆಗಳಲ್ಲಿ ದಿನಾ ಕಾಣುತ್ತದೆ. 78 ತುಂಬಿದವರಿಗೂ ಹಾಗೇ ಬರೆಯುತ್ತಾರೆ, 77 ತುಂಬಿ 78 ನಡೆಯುತ್ತಿದ್ದವರಿಗೂ ಹಾಗೇ ಬರೆಯುತ್ತಾರೆ. ಅದನ್ನು ಮನೆಯವರು ಇಂಗ್ಲಿಷಿಗೆ ತಿರುಗಿಸುವಾಗ ಒಮ್ಮೆ ‘ಅಟ್ ದಿ ಏಜ್ ಆಫ್ ಸೆವೆಂಟಿ ಎಯ್ಟ್’ ಆಗುತ್ತದೆ, ಒಮ್ಮೆ ‘ಇನ್ ಹಿಸ್ ಸೆವೆಂಟಿ ಎಯ್ತ್ ಇಯರ್’ ಆಗುತ್ತದೆ. ಮೊದಲನೆಯದರಲ್ಲಿ 78 ತುಂಬಿದೆ. ಎರಡನೆಯದರಲ್ಲಿ ತುಂಬಿದ್ದು 77.

ಉಡುಪಿಯಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆ ಉಂಟು. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರು ಹುಟ್ಟಿದ್ದು 1931ರ ಏಪ್ರಿಲ್ 27ರಂದು. ಸನ್ಯಾಸ ಸ್ವೀಕರಿಸಿದ್ದು 1938ರ ಡಿಸೆಂಬರಿನಲ್ಲಿ. ಆಗ ಅವರಿಗೆ ಏಳು ವರ್ಷ ತುಂಬಿ ಏಳು ತಿಂಗಳು ಕಳೆದಿತ್ತು, ನಡೆಯುತ್ತಿದ್ದದ್ದು ಎಂಟನೇ ವರ್ಷ. ಅವರ ಬಗ್ಗೆ ಬರೆಯುವವರಲ್ಲಿ ಕೆಲವರು ಏಳು ಅನ್ನುತ್ತಾರೆ, ಕೆಲವರು ಎಂಟು ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಲೆಕ್ಕದ ಕ್ರಮ ಬೇರೆ ಅಷ್ಟೆ. ಎಂಟನೇ ವರ್ಷ ಅಂತ ಹೇಳುವುದು ನಮ್ಮ ಹಳೆಯ ರೂಢಿಗೆ ಹತ್ತಿರ. ಉಪನಯನಕ್ಕೆ ಹೇಳುವ ಗರ್ಭಾಷ್ಟಮವೂ ನಡೆಯುವ ವರ್ಷದ ಲೆಕ್ಕವೇ, ಅದನ್ನಂತೂ ಹುಟ್ಟಿದ ದಿನಕ್ಕಿಂತ ಹಿಂದೆ ಹೋಗಿ ಗರ್ಭದಿಂದಲೇ ಎಣಿಸುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ‘ಅಟ್ ದಿ ಏಜ್ ಆಫ್ ಎಯ್ಟ್’ ಅಂದುಬಿಟ್ಟರೆ ತಪ್ಪಾಗುತ್ತದೆ. ‘ಅಟ್ ದಿ ಏಜ್ ಆಫ್ ಸೆವೆನ್’ ಅನ್ನಬೇಕು, ಇಲ್ಲವೇ ‘ಇನ್ ಹಿಸ್ ಎಯ್ತ್ ಇಯರ್’ ಅನ್ನಬೇಕು. 2019ರ ಡಿಸೆಂಬರ್ 29ರಂದು ಅವರು ತೀರಿಕೊಂಡಾಗಲೂ ಇದೇ ಲೆಕ್ಕ, ತುಂಬಿದ್ದು 88, ನಡೆಯುತ್ತಿದ್ದದ್ದು 89.

ಇಸವಿಯಿಂದ ಇಸವಿ ಕಳೆದು ವಯಸ್ಸು ಹೇಳುವ ಅಭ್ಯಾಸವೂ ಇಂಥದ್ದೇ ತೊಂದರೆ ತರುತ್ತದೆ. ಹರ್ಮನ್ ಮೋಗ್ಲಿಂಗ್ ಅವರನ್ನು ಮಂಗಳೂರಿನವರು ಮರೆಯುವ ಹಾಗಿಲ್ಲ, 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ ಹೊರಡಿಸಿದವರು ಅವರು, ಆ ದಿನವನ್ನೇ ಈಗಲೂ ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ ಅಂತ ಆಚರಿಸುತ್ತೇವೆ. ಅವರು ಹುಟ್ಟಿದ್ದು 1811ರ ಮೇ 29, ತೀರಿಕೊಂಡದ್ದು 1881ರ ಮೇ 10. ಬರೀ ಇಸವಿ ಕಳೆದರೆ 70 ಬರುತ್ತದೆ. ಆದರೆ 70 ತುಂಬಲು ಇನ್ನೂ 19 ದಿನ ಇತ್ತು. ‘ಅಟ್ ದಿ ಏಜ್ ಆಫ್ ಸಿಕ್ಸ್ಟಿ ನೈನ್’ ಅನ್ನುವುದು ಸರಿ, ‘ಇನ್ ಹಿಸ್ ಸೆವೆಂಟಿಯತ್ ಇಯರ್’ ಅನ್ನುವುದೂ ಸರಿ. ‘ಅಟ್ ದಿ ಏಜ್ ಆಫ್ ಸೆವೆಂಟಿ’ ಅಂತ ಬರೆದರೆ ಮಾತ್ರ ತಪ್ಪು. ಹಾಗಾಗಿ ಬರೀ ಇಸವಿ ನೋಡಬೇಡಿ, ಆ ವರ್ಷದ ಹುಟ್ಟಿದ ದಿನ ಬಂದು ಹೋಗಿದೆಯಾ, ಇನ್ನೂ ಬರಬೇಕಾ ಅಂತ ನೋಡಿ. ಬರದಿದ್ದರೆ ಒಂದು ಕಳೆಯಿರಿ.

ನಡೆಯುವ ವರ್ಷವನ್ನೇ ವಯಸ್ಸು ಅಂತ ಹೇಳುವ ಪದ್ಧತಿ ಬೇರೆ ಕಡೆಯೂ ಇತ್ತು. ದಕ್ಷಿಣ ಕೊರಿಯಾದಲ್ಲಿ ಮಗು ಹುಟ್ಟಿದ ಕೂಡಲೇ ಒಂದು ವರ್ಷ ಅಂತ ಲೆಕ್ಕ, ಆಮೇಲೆ ಪ್ರತಿ ಜನವರಿ 1ಕ್ಕೆ ಎಲ್ಲರಿಗೂ ಒಂದೊಂದು ವರ್ಷ ಹೆಚ್ಚು. ಡಿಸೆಂಬರ್ 31ರಂದು ಹುಟ್ಟಿದ ಮಗುವಿಗೆ ಮಾರನೇ ದಿನವೇ ಎರಡು ವರ್ಷ! 2023ರ ಜೂನ್ 28ರಿಂದ ಸರ್ಕಾರಿ ಕಾಗದಪತ್ರಗಳಲ್ಲೆಲ್ಲ ತುಂಬಿದ ವರ್ಷವನ್ನೇ ಬರೆಯಬೇಕು ಅಂತ ಕಾನೂನು ತಂದರು. ಕಾಗದದ ಮೇಲೆ ಅಲ್ಲಿಯವರ ವಯಸ್ಸು ಒಂದೋ ಎರಡೋ ವರ್ಷ ಇಳಿಯಿತು.

ನಿಮ್ಮ ಮಾವನಿಗೆ ಇಷ್ಟು ಹೇಳಿ ಸಾಕು: 60ನೇ ವರ್ಷ 59ನೇ ಬರ್ತ್‌ಡೇಯಂದು ಶುರು, 60ನೇ ಬರ್ತ್‌ಡೇಯಂದು ಮುಕ್ತಾಯ. ಅಪ್ಪನಿಗೆ ನಮ್ಮ ನಮಸ್ಕಾರ ತಿಳಿಸಿ.

ಪ್ರಶ್ನೆ: ನಮ್ಮ ಶಾಲೆಗೆ ನೂರು ತುಂಬುತ್ತಾ ಬಂತು. ಬ್ಯಾನರಿಗೆ ‘ಹಂಡ್ರೆತ್ ಇಯರ್’ ಅಂತ ಹಾಕಬೇಕಾ, ‘ಹಂಡ್ರೆತ್ ಆನಿವರ್ಸರಿ’ ಅಂತಲಾ? ಹಳೆ ವಿದ್ಯಾರ್ಥಿಗಳಲ್ಲೇ ಎರಡು ಪಕ್ಷ ಆಗಿದೆ.
— ಓದುಗರು, ಬಿಜೈ, ಮಂಗಳೂರು

ಉತ್ತರ: ಮೇಲಿನ ಉತ್ತರವೇ ನಿಮಗೂ. ಮಂಗಳೂರಿನ ಕರ್ಣಾಟಕ ಬ್ಯಾಂಕ್ ಶುರುವಾದದ್ದು 1924ರ ಫೆಬ್ರವರಿ 18ರಂದು. ಅದರ ‘ಹಂಡ್ರೆತ್ ಇಯರ್’ 2023ರ ಫೆಬ್ರವರಿ 18ಕ್ಕೆ ಶುರುವಾಯಿತು, ‘ಹಂಡ್ರೆತ್ ಆನಿವರ್ಸರಿ’ ಬಂದದ್ದು 2024ರ ಫೆಬ್ರವರಿ 18ಕ್ಕೆ. ನೀವು ವರ್ಷವಿಡೀ ಕಾರ್ಯಕ್ರಮ ಮಾಡಿ ನೂರು ತುಂಬುವ ದಿನ ಮುಗಿಸುವುದಾದರೆ ಬ್ಯಾನರಿಗೆ ‘ಇಯರ್’ ಹಾಕಿ, ಕೊನೆಯ ದಿನದ ಸಮಾರಂಭಕ್ಕೆ ‘ಆನಿವರ್ಸರಿ’ ಹಾಕಿ. ಮದುವೆಯ ಬೆಳ್ಳಿಹಬ್ಬಕ್ಕೂ ಹೀಗೇ. ಎರಡು ಪಕ್ಷದವರೂ ಒಟ್ಟಿಗೆ ಕೂತು ಶಾಲೆಯ ಹಳೆಯ ದಾಖಲೆಯಲ್ಲಿ ಶುರುವಾದ ತಾರೀಕನ್ನು ಮೊದಲು ನೋಡಿ.

ಪ್ರಶ್ನೆ: ಮಗಳಿಗೆ ಬರುವ ಜೂನ್ 1ಕ್ಕೆ 5 ವರ್ಷ 11 ತಿಂಗಳು ಆಗುತ್ತದೆ. ಒಂದನೇ ಕ್ಲಾಸಿನ ಅರ್ಜಿಯಲ್ಲಿ ‘ಶುಡ್ ಹ್ಯಾವ್ ಕಂಪ್ಲೀಟೆಡ್ ಸಿಕ್ಸ್ ಇಯರ್ಸ್’ ಅಂತ ಉಂಟು. ಅವಳಿಗೆ ಆರು ನಡೀತಾ ಉಂಟಲ್ಲ, ‘ಸಿಕ್ಸ್ ರನ್ನಿಂಗ್’ ಅಂತ ಬರೆದರೆ ಆಗುವುದಿಲ್ಲವಾ? ನೆರೆಮನೆಯ ಅಕ್ಕ ಆಗುತ್ತದೆ ಅಂದರು.
— ಓದುಗರು, ಸುರತ್ಕಲ್

ಉತ್ತರ: ಆಗುವುದಿಲ್ಲ ತಾಯಿ. ‘ಕಂಪ್ಲೀಟೆಡ್’ ಅಂತ ಬಂದಲ್ಲಿ ಪೂರ್ತಿ ತುಂಬಿರಲೇಬೇಕು, ಒಂದು ದಿನ ಕಡಿಮೆ ಇದ್ದರೂ ಲೆಕ್ಕಕ್ಕಿಲ್ಲ. ‘ಸಿಕ್ಸ್ ರನ್ನಿಂಗ್’ ಅಂದರೆ ನೀವೇ ಐದು ತುಂಬಿದೆ ಅಂತ ಬರೆದುಕೊಟ್ಟ ಹಾಗೆ. ಅಂದ ಹಾಗೆ ಈ ‘ರನ್ನಿಂಗ್’ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುವ ಒಳ್ಳೆಯ ಮಾತು, ಆದರೆ ಹೊರದೇಶದ ವೀಸಾ ಅರ್ಜಿಯಲ್ಲೋ ಶಾಲೆಯ ಅರ್ಜಿಯಲ್ಲೋ ಬರೆಯಬೇಡಿ, ಅಲ್ಲಿಯವರಿಗೆ ಅದು ಗೊತ್ತಿಲ್ಲ.

ನಿಯಮದ ಕಥೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಎಷ್ಟೋ ಅಪ್ಪ ಅಮ್ಮಂದಿರು ಒದ್ದಾಡಿದ್ದಾರೆ. ಜೂನ್ 1ಕ್ಕೆ ಆರು ತುಂಬಿರಬೇಕು ಅಂತ ರಾಜ್ಯ ಸರ್ಕಾರ ಆದೇಶ ಮಾಡಿದ್ದು 2022ರಲ್ಲಿ. ಆಗಲೇ ಎಲ್‌ಕೆಜಿ, ಯುಕೆಜಿಗೆ ಸೇರಿದ್ದ ಮಕ್ಕಳಿಗೆ ತೊಂದರೆ ಆಗುತ್ತದೆ ಅಂತ ಅದನ್ನು 2025-26ರಿಂದ ಜಾರಿ ಮಾಡುವುದು ಅಂತ ಮುಂದೆ ಹಾಕಿದರು. ಆ ವರ್ಷ ಬಂದಾಗ, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲಿಕೆ ಕೊಟ್ಟರು. ನೆರೆಮನೆಯ ಅಕ್ಕ ಹೇಳಿದ್ದು ಆ ವರ್ಷ ಸೇರಿದ ಮಕ್ಕಳನ್ನು ನೋಡಿ ಇರಬಹುದು. ಅದು ಸಡಿಲಿಕೆಯಿಂದ ಆದದ್ದು, ‘ರನ್ನಿಂಗ್’ ಅಂತ ಬರೆದದ್ದರಿಂದ ಆದದ್ದಲ್ಲ. ಹಾಗಾಗಿ ಈ ಸಲದ ಸುತ್ತೋಲೆಯನ್ನು ಶಾಲೆಯ ಆಫೀಸಿನಲ್ಲೋ ಬಿಇಒ ಕಚೇರಿಯಲ್ಲೋ ನೀವೇ ಓದಿ ನೋಡಿ. ಯಾರೋ ಹೇಳಿದರು ಅಂತ ಜನನ ಪ್ರಮಾಣಪತ್ರದ ತಾರೀಕು ಹಿಂದೆ ಮುಂದೆ ಮಾಡಲು ಮಾತ್ರ ಹೋಗಬೇಡಿ. ಆ ತಾರೀಕು ಮಗಳ ಜೊತೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಪಾಸ್‌ಪೋರ್ಟಿಗೆ, ಕೆಲಸಕ್ಕೆ, ಪಿಂಚಣಿಗೆ ಹೋಗುತ್ತದೆ.

ಕಾನೂನಿನ ಇಂಗ್ಲಿಷಿನಲ್ಲಿ ಇನ್ನೊಂದು ಮಾತು ಉಂಟು, ಅದರಲ್ಲಿ ಒಳ್ಳೆಯ ಓದುಗರೂ ಎಡವುತ್ತಾರೆ. 1986ರ ಬಾಲಕಾರ್ಮಿಕ ಕಾನೂನಿನಲ್ಲಿ ಮಗು ಅಂದರೆ ಯಾರು ಅಂತ ಹೇಳುವಾಗ ‘ಹ್ಯಾಸ್ ನಾಟ್ ಕಂಪ್ಲೀಟೆಡ್ ಹಿಸ್ ಫೋರ್ಟೀಂತ್ ಇಯರ್’ ಅಂದಿದ್ದಾರೆ. ಸಂವಿಧಾನದ 24ನೇ ವಿಧಿಯಲ್ಲಿ ‘ಬಿಲೋ ದಿ ಏಜ್ ಆಫ್ ಫೋರ್ಟೀನ್ ಇಯರ್ಸ್’ ಅಂತ ಉಂಟು. ಒಂದರಲ್ಲಿ 14ನೇ ವರ್ಷ, ಇನ್ನೊಂದರಲ್ಲಿ 14 ವರ್ಷ. ಬೇರೆ ಬೇರೆ ಅನ್ನಿಸುತ್ತದೆ, ಅಲ್ವಾ? ಆದರೆ ಅರ್ಥ ಒಂದೇ. 14ನೇ ವರ್ಷವನ್ನು ಮುಗಿಸುವುದು ಅಂದರೆ 14 ತುಂಬುವುದೇ. ‘ಇನ್ ಹಿಸ್ ಫೋರ್ಟೀಂತ್ ಇಯರ್’ ಅಂದರೆ ಮಾತ್ರ 13 ತುಂಬಿದವನು. ಹಾಗಾಗಿ ‘ಇಯರ್’ ಹಿಂದೆ ಇರುವ ಸಂಖ್ಯೆಯನ್ನಷ್ಟೇ ನೋಡಿದರೆ ಸಾಲದು, ಅದಕ್ಕೂ ಹಿಂದೆ ‘ಇನ್’ ಉಂಟಾ, ‘ಕಂಪ್ಲೀಟೆಡ್’ ಉಂಟಾ ಅಂತ ನೋಡಬೇಕು. ರಾಷ್ಟ್ರಪತಿಯಾಗಲು ಬೇಕಾದ ವಯಸ್ಸು ಹೇಳುವ 58ನೇ ವಿಧಿಯಲ್ಲೂ ‘ಕಂಪ್ಲೀಟೆಡ್’ ಅನ್ನುವ ಮಾತೇ ಬಂದಿದೆ, ಅಲ್ಲಿ 35 ತುಂಬಿರಬೇಕು.

ಪ್ರಶ್ನೆ: ನನಗೆ 50 ತುಂಬಿ ಏಳು ತಿಂಗಳಾಯಿತು. ವಿಮೆ ಮಾಡಿಸಲು ಹೋದರೆ ಏಜೆಂಟರು ಕಾಗದದಲ್ಲಿ 51 ಅಂತ ಬರೆದರು. ಕೇಳಿದರೆ ‘ನಿಯರರ್ ಬರ್ತ್‌ಡೇ’ ಅಂದರು. ಬ್ಯಾಂಕಿನಲ್ಲಿ 50, ಇಲ್ಲಿ 51. ಹೀಗೆ ಒಬ್ಬನಿಗೇ ಎರಡು ವಯಸ್ಸು ಇರಲು ಸಾಧ್ಯವಾ?
— ಓದುಗರು, ಕಾಪು

ಉತ್ತರ: ಸಾಧ್ಯ. ಏಜೆಂಟರು ನಿಮಗೆ ಮೋಸ ಮಾಡಿಲ್ಲ.

ವಿಮೆಯವರಲ್ಲಿ ‘ಏಜ್ ಲಾಸ್ಟ್ ಬರ್ತ್‌ಡೇ’ ಅಂತ ಒಂದು ಉಂಟು, ‘ಏಜ್ ನಿಯರರ್ ಬರ್ತ್‌ಡೇ’ ಅಂತ ಇನ್ನೊಂದು ಉಂಟು. ಲಾಸ್ಟ್ ಬರ್ತ್‌ಡೇ ಅಂದರೆ ಕಳೆದ ಹುಟ್ಟುಹಬ್ಬಕ್ಕೆ ಎಷ್ಟು ತುಂಬಿತೋ ಅಷ್ಟು, ಅದು ನಿಮ್ಮ 50. ಬ್ಯಾಂಕಿನಲ್ಲಿ ಹೇಳುವುದು, ಜನಗಣತಿಯಲ್ಲಿ ಬರೆದುಕೊಳ್ಳುವುದು ಎಲ್ಲ ಇದನ್ನೇ. ನಿಯರರ್ ಬರ್ತ್‌ಡೇ ಅಂದರೆ ಹಿಂದಿನ ಹುಟ್ಟುಹಬ್ಬ ಹತ್ತಿರವಾ, ಮುಂದಿನದು ಹತ್ತಿರವಾ ಅಂತ ನೋಡುವುದು. 50 ತುಂಬಿ ಆರು ತಿಂಗಳು ದಾಟಿದ ಮೇಲೆ ನಿಮಗೆ 51ನೇ ಹುಟ್ಟುಹಬ್ಬವೇ ಹತ್ತಿರ. ಹಾಗಾಗಿ 51. ಕೆಲವು ಕಂಪೆನಿಗಳಲ್ಲಿ ‘ಏಜ್ ನೆಕ್ಸ್ಟ್ ಬರ್ತ್‌ಡೇ’ ಅಂತಲೂ ಇರುತ್ತದೆ, ಅದರಲ್ಲಿ 50 ತುಂಬಿದ ಮಾರನೇ ದಿನವೇ 51.

ಯಾಕೆ ಹೀಗೆ ಅಂತ ಕೇಳಬಹುದು. ವಿಮೆಯ ಪ್ರೀಮಿಯಂ ಕಟ್ಟುವುದು ವಯಸ್ಸಿನ ಮೇಲೆ. ವಯಸ್ಸು ಜಾಸ್ತಿಯಾದ ಹಾಗೆ ಪ್ರೀಮಿಯಂ ಜಾಸ್ತಿ. 50 ವರ್ಷ ಒಂದು ದಿನದವರನ್ನೂ 50 ವರ್ಷ 11 ತಿಂಗಳಿನವರನ್ನೂ ಒಂದೇ ಕಟ್ಟಿನಲ್ಲಿ ಹಾಕಿದರೆ, ಆ ಕಟ್ಟಿನವರ ನಿಜವಾದ ವಯಸ್ಸು ಸರಾಸರಿ ಐವತ್ತೂವರೆಯ ಹತ್ತಿರ ಬರುತ್ತದೆ. ಹತ್ತಿರದ ಹುಟ್ಟುಹಬ್ಬ ಹಿಡಿದರೆ 49 ಮತ್ತು ಅರ್ಧದಿಂದ 50 ಮತ್ತು ಅರ್ಧದವರೆಗಿನವರು ಒಟ್ಟಾಗುತ್ತಾರೆ, ಸರಾಸರಿ 50ಕ್ಕೇ ಬಂದು ನಿಲ್ಲುತ್ತದೆ. ಲೆಕ್ಕ ಹಾಕುವವರಿಗೆ ಇದು ಸಲೀಸು.

ನಿಮಗೆ ಇದರಿಂದ ಆಗುವ ಪೆಟ್ಟು ಎಲ್ಲಿ ಅಂದರೆ ಗರಿಷ್ಠ ವಯಸ್ಸಿನಲ್ಲಿ. ಎಲ್‌ಐಸಿಯ ಹಲವು ಪಾಲಿಸಿಗಳ ಕಿರುಹೊತ್ತಿಗೆ ತೆರೆದು ನೋಡಿ. ಸೇರಲು ಕನಿಷ್ಠ ವಯಸ್ಸಿನ ಎದುರು ‘ಕಂಪ್ಲೀಟೆಡ್’ ಅಂತ ಇರುತ್ತದೆ, ಗರಿಷ್ಠ ವಯಸ್ಸಿನ ಎದುರು ‘ನಿಯರರ್ ಬರ್ತ್‌ಡೇ’ ಅಂತ. ಒಂದೇ ಹಾಳೆಯಲ್ಲಿ ಒಂದರ ಕೆಳಗೆ ಒಂದು ಎರಡು ಬೇರೆ ಲೆಕ್ಕ! ಕನಿಷ್ಠ 18 ಅಂದಲ್ಲಿ 17 ವರ್ಷ 8 ತಿಂಗಳಿನ ಹುಡುಗ ಸೇರುವ ಹಾಗಿಲ್ಲ, ಹತ್ತಿರದ ಹುಟ್ಟುಹಬ್ಬ 18 ಅಂತ ವಾದಿಸಿದರೆ ನಡೆಯುವುದಿಲ್ಲ. ಗರಿಷ್ಠ 50 ಅಂದಲ್ಲಿ ನೀವು 50 ಆರು ತಿಂಗಳಾಗುವ ತನಕ ಸೇರಬಹುದಿತ್ತು, ಈಗ ಇಲ್ಲ. ಏಜೆಂಟರು ತೋರಿಸಿದ ಪಾಲಿಸಿಯ ಗರಿಷ್ಠ 55 ಇದ್ದರೆ ಚಿಂತೆ ಬೇಡ, 51ರ ಪ್ರೀಮಿಯಂ ಕಟ್ಟಿ ಸೇರಿಕೊಳ್ಳಿ. ಅರ್ಜಿಯಲ್ಲಿ ಹುಟ್ಟಿದ ತಾರೀಕನ್ನು ದಾಖಲೆಯಲ್ಲಿ ಇದ್ದ ಹಾಗೇ ಬರೆಯಿರಿ. ಉಳಿದ ಲೆಕ್ಕ ಅವರೇ ಮಾಡಲಿ. ಮನೆಯಲ್ಲಿ ತಮ್ಮನೋ ಹೆಂಡತಿಯೋ ವಿಮೆ ಮಾಡಿಸುವವರಿದ್ದರೆ ಹುಟ್ಟುಹಬ್ಬ ಕಳೆದು ಆರು ತಿಂಗಳಾಗುವ ಮೊದಲೇ ಮಾಡಿಸಿಬಿಡಲಿ, ಒಂದು ವರ್ಷದ ಪ್ರೀಮಿಯಂ ವ್ಯತ್ಯಾಸ ಪಾಲಿಸಿ ಮುಗಿಯುವ ತನಕವೂ ಉಳಿಯುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ದಾಖಲೆಯಲ್ಲಿ ನನ್ನ ಹುಟ್ಟಿದ ದಿನ ಜೂನ್ 1. ನನ್ನನ್ನು ನಿವೃತ್ತಿ ಮಾಡಿದ್ದು ಮೇ 31ಕ್ಕೆ. ಆದೇಶದಲ್ಲಿ ‘ಆನ್ ಅಟೈನಿಂಗ್ ದಿ ಏಜ್ ಆಫ್ ಸಿಕ್ಸ್ಟಿ’ ಅಂತ ಇತ್ತು. ಮೊಮ್ಮಗಳು ಅದನ್ನು ಓದಿ, ಅಜ್ಜ, ನಿಮಗೆ ಆ ದಿನ 60 ತುಂಬಿರಲೇ ಇಲ್ಲವಲ್ಲ ಅನ್ನುತ್ತಾಳೆ. ಅವಳಿಗೆ ಏನು ಹೇಳಲಿ?
— ಓದುಗರು, ಕುಂದಾಪುರ

ಉತ್ತರ: ಮೊಮ್ಮಗಳು ಗಟ್ಟಿ ಪ್ರಶ್ನೆಯನ್ನೇ ಕೇಳಿದ್ದಾಳೆ, ಮೇಷ್ಟ್ರೆ. ಇದು ಸುಪ್ರೀಂ ಕೋರ್ಟಿನ ತನಕ ಹೋದ ವಿಷಯ.

ಮೊದಲು ಜೂನ್ 1ರ ಮಾತು. ನಮ್ಮ ಕಡೆ ಹಳೆಯ ತಲೆಮಾರಿನಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ! ಮಗುವಿನ ಕೈ ಹಿಡಿದುಕೊಂಡು ಬಂದ ಅಪ್ಪನಿಗೆ ಆ ವರ್ಷದ ದೊಡ್ಡ ನೆರೆ ನೆನಪಿರುತ್ತಿತ್ತು, ಹಟ್ಟಿಯಲ್ಲಿ ಯಾವ ದನ ಕರು ಹಾಕಿತ್ತು ಅಂತ ನೆನಪಿರುತ್ತಿತ್ತು, ತಾರೀಕು ಮಾತ್ರ ಗೊತ್ತಿರುತ್ತಿರಲಿಲ್ಲ. ಹೆಡ್‌ಮಾಸ್ಟರು ಮಗುವನ್ನು ಒಮ್ಮೆ ನೋಡಿ, ಶಾಲೆ ಶುರುವಾಗುವ ತಿಂಗಳಿಗೆ ವಯಸ್ಸು ಸರಿಹೋಗುವ ಹಾಗೆ ರಿಜಿಸ್ಟರಿನಲ್ಲಿ 1-6 ಅಂತ ಬರೆದುಬಿಡುತ್ತಿದ್ದರು. ಅದೇ ತಾರೀಕು ಮುಂದೆ ನೌಕರಿಗೂ ಬಂತು. ಸರ್ಕಾರಿ ನೌಕರಿಯಲ್ಲಿ 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಆದರೆ ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ. ಅದಕ್ಕೇ ಮೇ 31.

ಕಾರಣ ಇದು. ಹುಟ್ಟಿದ ದಿನವನ್ನು ಪೂರ್ತಿ ಒಂದು ದಿನ ಅಂತ ಎಣಿಸುತ್ತಾರೆ, ರಾತ್ರಿ ಹನ್ನೊಂದಕ್ಕೆ ಹುಟ್ಟಿದರೂ ಅಷ್ಟೆ. ಜೂನ್ 1 ಮೊದಲನೇ ದಿನ ಅಂದರೆ ಒಂದು ವರ್ಷದ ಕೊನೆಯ ದಿನ ಮೇ 31 ಆಗುತ್ತದೆ. ಹಾಗೆ 60 ವರ್ಷ ಪೂರ್ತಿಯಾಗುವುದು ಮೇ 31ರ ಮಧ್ಯರಾತ್ರಿ. ಆ ಗಳಿಗೆಯನ್ನು ಮೇ 31ರ ಕೊನೆ ಅಂತ ಬರೆಯಬೇಕಾ, ಜೂನ್ 1ರ ಶುರು ಅಂತ ಬರೆಯಬೇಕಾ ಅನ್ನುವುದೇ ಜಗಳ. ರಾಜಸ್ಥಾನದ ಸರ್ಕಾರಿ ಕೆಲಸದ ಅರ್ಜಿಯೊಂದರ ವಿಷಯದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಹುಟ್ಟಿದ ದಿನದ ಹಿಂದಿನ ದಿನವೇ ವಯಸ್ಸು ತುಂಬುತ್ತದೆ ಅಂತ. ಜನವರಿ 2ಕ್ಕೆ ಹುಟ್ಟಿದ ಅಭ್ಯರ್ಥಿಗೆ ಜನವರಿ 1ಕ್ಕೇ 28 ತುಂಬಿತು ಅಂತಾಗಿ ಅವರ ಅವಕಾಶ ಹೋಯಿತು. ಒಂದೇ ಒಂದು ದಿನಕ್ಕೆ!

ಅದೇ ತೀರ್ಪು ಇನ್ನು ಕೆಲವರಿಗೆ ಉಪಕಾರವನ್ನೂ ಮಾಡಿದೆ. ಆದಾಯ ತೆರಿಗೆಯಲ್ಲಿ ಹಿರಿಯ ನಾಗರಿಕರಿಗೆ ವಿನಾಯಿತಿ ಸಿಗಲು ಆ ಹಣಕಾಸು ವರ್ಷ ಮುಗಿಯುವುದರೊಳಗೆ 60 ತುಂಬಿರಬೇಕು. ಏಪ್ರಿಲ್ 1ಕ್ಕೆ ಹುಟ್ಟಿದವರಿಗೆ ಒಂದು ದಿನದಿಂದ ತಪ್ಪಿಹೋಗುತ್ತಿತ್ತು. ಅವರಿಗೆ ಮಾರ್ಚ್ 31ಕ್ಕೇ 60 ತುಂಬಿತು ಅಂತ ಹಿಡಿಯಬೇಕು ಅಂತ ತೆರಿಗೆ ಮಂಡಳಿ 2016ರ ಜುಲೈಯಲ್ಲಿ ಸುತ್ತೋಲೆ ಹೊರಡಿಸಿತು.

ಆದರೆ ಎಲ್ಲ ಕಡೆ ಹೀಗೆ ಅಂತಲೂ ಅಲ್ಲ. 1875ರ ನಮ್ಮ ವಯಸ್ಕರ ಕಾನೂನಿನಲ್ಲಿ 18 ತುಂಬುವುದು ಹದಿನೆಂಟನೇ ಹುಟ್ಟುಹಬ್ಬದ ದಿನ ಶುರುವಾಗುವಾಗ ಅಂತ ಬರೆದಿದ್ದಾರೆ. ಇಂಗ್ಲೆಂಡಿನಲ್ಲೂ ಮೊದಲು ಹಿಂದಿನ ದಿನ ಅಂತಲೇ ಇತ್ತು, 1969ರಲ್ಲಿ ಕಾನೂನು ಮಾಡಿ ಹುಟ್ಟುಹಬ್ಬದ ದಿನಕ್ಕೆ ತಂದರು. ಮೊಮ್ಮಗಳಿಗೆ ಹೀಗೆ ಹೇಳಿ, ಅಜ್ಜ ಮೇ 31ರ ಸಂಜೆ ಶಾಲೆಯಿಂದ ಹೊರಟಾಗ 60 ತುಂಬಲು ಕೆಲವು ಗಂಟೆ ಬಾಕಿ ಇತ್ತು, ಆ ದಿನ ಮುಗಿಯುವುದರೊಳಗೆ ತುಂಬಿತು. ಆದೇಶದ ಮಾತು ಸರಿಯಾಗಿಯೇ ಇತ್ತು.

ಪ್ರಶ್ನೆ: ‘ಎ ಫೈವ್ ಇಯರ್ಸ್ ಓಲ್ಡ್ ಬಾಯ್’ ಅಂತ ಬರೆದದ್ದಕ್ಕೆ ಟೀಚರ್ ಕೆಂಪು ಗೆರೆ ಹಾಕಿದ್ದಾರೆ. ‘ಹಿ ಈಸ್ ಫೈವ್ ಇಯರ್ಸ್ ಓಲ್ಡ್’ ಅಂದರೆ ಸರಿಯಂತೆ. ಒಂದರಲ್ಲಿ ಇಯರ್ಸ್, ಒಂದರಲ್ಲಿ ಇಯರ್ ಯಾಕೆ? ಇನ್ನೊಂದು, ‘ಇನ್ ಹಿಸ್ ಸಿಕ್ಸ್ಟೀಸ್’ ಅಂದರೆ 60ನೇ ವರ್ಷವಾ?
— ವಿದ್ಯಾರ್ಥಿನಿ, ಕಾರ್ಕಳ

ಉತ್ತರ: ಟೀಚರ್ ಹೇಳಿದ್ದು ಸರಿ. ವಯಸ್ಸು ‘ಬಾಯ್’ ಅನ್ನುವಂಥ ನಾಮಪದಕ್ಕಿಂತ ಮೊದಲು ಬಂದು ಅದಕ್ಕೆ ಅಂಟಿಕೊಂಡರೆ ‘ಇಯರ್’, ನಡುವೆ ಅಡ್ಡಗೆರೆಗಳು: ಫೈವ್-ಇಯರ್-ಓಲ್ಡ್ ಬಾಯ್. ‘ಈಸ್’ ಆದ ಮೇಲೆ ಬಂದರೆ ‘ಇಯರ್ಸ್’, ಅಡ್ಡಗೆರೆ ಬೇಡ. ಹತ್ತು ರೂಪಾಯಿ ನೋಟಿಗೆ ‘ಟೆನ್ ರುಪೀ ನೋಟ್’ ಅಂತೀರಲ್ಲ, ‘ರುಪೀಸ್ ನೋಟ್’ ಅನ್ನುವುದಿಲ್ಲ, ಅದೇ ನಿಯಮ. ‘ಇನ್ ಹಿಸ್ ಸಿಕ್ಸ್ಟೀಸ್’ ಅಂದರೆ 60ರಿಂದ 69ರ ತನಕ ಯಾವ ವಯಸ್ಸೂ ಆಗಬಹುದು. ಕೊನೆಯಲ್ಲಿ ‘ಸ್’ ಬಿಟ್ಟು ‘ಇನ್ ಹಿಸ್ ಸಿಕ್ಸ್ಟಿ’ ಅಂತ ಬರೆಯಬೇಡ, ಹಾಗೊಂದು ಮಾತು ಇಂಗ್ಲಿಷಿನಲ್ಲಿ ಇಲ್ಲ. ಮೊದಲ ಪ್ರಶ್ನೆ ಕೇಳಿದವರ ಅಪ್ಪನನ್ನೇ ತೆಗೆದುಕೋ. 2026ರ ಏಪ್ರಿಲಿನಲ್ಲಿ ಅವರು ‘ಇನ್ ಹಿಸ್ ಸಿಕ್ಸ್ಟಿಯತ್ ಇಯರ್’, ಆದರೆ ಇನ್ನೂ ‘ಇನ್ ಹಿಸ್ ಫಿಫ್ಟೀಸ್’. ಜೂನಿನಲ್ಲಿ ‘ಇನ್ ಹಿಸ್ ಸಿಕ್ಸ್ಟಿ ಫಸ್ಟ್ ಇಯರ್’, ಆಗ ‘ಇನ್ ಹಿಸ್ ಸಿಕ್ಸ್ಟೀಸ್’ ಕೂಡ ಹೌದು. ಈ ನಾಲ್ಕನ್ನೂ ನೋಟ್ಸಿನಲ್ಲಿ ಬರೆದುಕೊಂಡು ಪರೀಕ್ಷೆಯ ಮೊದಲು ಒಮ್ಮೆ ನೋಡು.